ಹೊಟ್ಟೆಯೊಳಗಿನ ಮಡಿವಾಳ

ನಮ್ಮ ಚಿಕ್ಕಪ್ಪ ಜೀವಮಾನದಲ್ಲಿ ಯಾರ ಮುಖವನ್ನೂ ಸರಿಯಾಗಿ ನೋಡಿದವರಲ್ಲ ಎಂದರೆ ನೀವು ನಂಬಲೇಬೇಕು. ಅವರು ನೋಡುತ್ತಿದ್ದುದು ಕಣ್ಣಿನ ಕೆಳರೆಪ್ಪೆಯ ಒಳಭಾಗವನ್ನು! ಬಂದವರು ನೆಂಟರಿರಲಿ, ಗಿರಾಕಿಯಿರಲಿ, ಅಮಲ್ದಾರರ ಕಚೇರಿಯ ಜವಾನನೇ ಇರಲಿ, "ಬರ್ರಿ, ಕುಂತ್ಕಳ್ರಿ" ಎನ್ನುವಷ್ಟರಲ್ಲಿ ಚಿಕ್ಕಪ್ಪನ ಹೆಬ್ಬೆರಳು ಅವರ ರೆಪ್ಪೆಯನ್ನು ಕೆಳಗೆ ಎಳೆದಾಗಿರುತ್ತಿತ್ತು. ಆಮೇಲೆ ನಾಲಿಗೆ. ಆಮೇಲೆ ಉಗುರು. ಯಾರಾದರೂ ಬಂದು "ನಿನ್ನೆ ಬಂದಿದ್ನಲ್ಲ, ಆ ಕುಳ್ಳ, ಕೆಂಪಗಿನೋನು" ಎಂದು ಎಷ್ಟು ಬಣ್ಣಿಸಿದರೂ ಅವರಿಗೆ ನೆನಪಾಗುತ್ತಿರಲಿಲ್ಲ. "ಅದೇ, ನಾಲಿಗೆ ಮೇಲೆ ಬೆಳ್ಳಗೆ ಕಟ್ಟಿತ್ತಲ್ಲ" ಎಂದರೆ ಸಾಕು, "ಓ, ಅವನಾ! ಹೊಟ್ಟೆ ಹೆಂಗೈತಂತೆ ಈಗ?" ಎಂದು ಎದ್ದು ಕೂರುತ್ತಿದ್ದರು.

ಹೊಳಲ್ಕೆರೆಯಲ್ಲಿ ಚಿಕ್ಕಪ್ಪನದು ಕೊಬ್ಬರಿ ವ್ಯಾಪಾರ. ಮಹಾರಾಜರ ಸರ್ಕಾರ ಮಾರಿಕಣಿವೆಯಲ್ಲಿ ದೊಡ್ಡ ಕಟ್ಟೆ ಕಟ್ಟಿಸುತ್ತಿದ್ದ ಕಾಲ ಅದು. ಅವರ ಅಣ್ಣನ ಮಗನಾದ ನಾನು ಅದೇ ಅಂಗಡಿಯಲ್ಲಿ ತಕ್ಕಡಿ ಹಿಡಿಯುತ್ತಿದ್ದೆ. ನನಗೂ ಮದುವೆಯಾಗಿತ್ತು, ಮೀಸೆ ಬಂದಿತ್ತು, ನಾಲ್ಕು ಜನ "ಏನಪ್ಪ ಯಜಮಾನ" ಎಂದು ಮಾತಾಡಿಸುತ್ತಿದ್ದರು. ಆದರೂ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲು ನಡುಬೀದಿಯಲ್ಲಿ ನಿಂತು ಚಿಕ್ಕಪ್ಪನಿಗೆ ನಾಲಿಗೆ ಚಾಚಿ ತೋರಿಸಬೇಕಾಗಿತ್ತು! ಸೀಮೆಗೆಲ್ಲ ಕೊಬ್ಬರಿ ಮಾರುವ ಈ ಮಹಾನುಭಾವರು ತಮ್ಮ ಮನೆಯೊಳಗೆ ಮಾತ್ರ ಒಂದು ಚೂರು ಕೊಬ್ಬರಿ ಬಿಟ್ಟುಕೊಳ್ಳುತ್ತಿರಲಿಲ್ಲ. "ಬರೀ ಜಿಡ್ಡು! ಈಲಿಗೆ ಭಾರ ಕಣ್ರಿ" ಎಂದು ಕೊಳ್ಳಲು ಬಂದ ಗಿರಾಕಿಗೇ ಹೇಳುತ್ತಿದ್ದರು. ವ್ಯಾಪಾರಿ ಅಂದರೆ ಹೀಗಿರಬೇಕಲ್ಲವೇ?

ಈಲಿ ಎಂದರೆ ಪಿತ್ತ ಹುಟ್ಟುವ ಅಂಗ. ಚಿಕ್ಕಪ್ಪನಿಗೆ ಅದೇ ಮನೆದೇವರು. ಅವರ ಸಿದ್ಧಾಂತವನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ ನಿದ್ದೆಯಲ್ಲಿ ಎಬ್ಬಿಸಿದರೂ ಒಪ್ಪಿಸಿಬಿಡುತ್ತೇನೆ. "ನೋಡಲೇ, ಹೊಟ್ಟೆ ಒಳಗೆ ಬಲಗಡೆ ಒಬ್ಬ ಮಡಿವಾಳ ಕುಂತವ್ನೆ. ನೀನು ತಿಂದಿದ್ದು ಉಂಡಿದ್ದರ ಕೊಳೆಯೆಲ್ಲ ಒಗೆಯೋನು ಅವನೇ. ಅವನಿಗೆ ಯಾರೂ ಕಸುಬು ಹೇಳಿಕೊಡಬೇಕಾಗಿಲ್ಲ. ಕರಿದಿದ್ದು, ಜಿಡ್ಡಿಂದು ಅಂತ ಮೂಟೆ ಮೇಲೆ ಮೂಟೆ ಹೇರಬ್ಯಾಡ. ಕೈಗೊಂದಿಷ್ಟು ಕಹಿ ಕೊಡು. ಉಳಿದಿದ್ದು ಅವನೇ ನೋಡ್ಕಂತಾನೆ."

ಆ 'ಒಂದಿಷ್ಟು ಕಹಿ' ಎಷ್ಟೆಂದು ಕೇಳುತ್ತೀರಾ? ಬೆಳಗ್ಗೆ ಮಜ್ಜಿಗೆಯಲ್ಲಿ ಅರೆದ ಕಿರುನೆಲ್ಲಿ. ಮಧ್ಯಾಹ್ನ ಮುದ್ದೆಯ ಜೊತೆಗೆ ಗರಗದ ಸೊಪ್ಪಿನ ಚಟ್ನಿ, ಹಾಗಲಕಾಯಿ ಪಲ್ಯ. ಸಂಜೆ ಅಮೃತಬಳ್ಳಿಯ ಕಷಾಯ. ಯುಗಾದಿಗೆ ಊರಿನವರೆಲ್ಲ ಬೇವು ಬೆಲ್ಲ ತಿಂದರೆ ಚಿಕ್ಕಪ್ಪನ ಮನೆಯಲ್ಲಿ ಬೇವು, ಮತ್ತೆ ಬೇವು! ಚಿಕ್ಕಮ್ಮನಿಗೆ ಹೋಳಿಗೆ ತಿನ್ನುವ ಆಸೆಯಾದರೆ ಪಕ್ಕದ ಮನೆಯ ಒಲೆಯಲ್ಲಿ ಬೇಯಿಸಿಕೊಂಡು, ಸೆರಗಿನಲ್ಲಿ ಮುಚ್ಚಿಕೊಂಡು ಬಂದು, ದನದ ಕೊಟ್ಟಿಗೆಯಲ್ಲಿ ನಿಂತು ತಿನ್ನಬೇಕು. ಎಷ್ಟೋ ಸಲ ನಾನೂ ಅಲ್ಲೇ, ಎಮ್ಮೆಯ ಮರೆಯಲ್ಲಿ ನಿಂತು ಅವರಿಗೆ ಜೊತೆ ಕೊಟ್ಟಿದ್ದೇನೆ.

ಒಮ್ಮೆ ಕೊಬ್ಬರಿ ಮೂಟೆ ಹಾಕಿಸಲು ರಾಮಗಿರಿ ಸ್ಟೇಷನ್ನಿಗೆ ಹೋಗಿದ್ದೆವು. ರೈಲಿನ ಗಾರ್ಡು ಹಸಿರು ಬಾವುಟ ಹಿಡಿದು, ಇನ್ನೇನು ಬೀಸಬೇಕು, ಚಿಕ್ಕಪ್ಪ ಹೋಗಿ ಅವನ ಗದ್ದ ಹಿಡಿದುಕೊಂಡರು!

"ಬಾವುಟ ಆಮ್ಯಾಲೆ ಬೀಸೀಯಂತೆ, ಮೊದಲು ಕಣ್ಣು ಮ್ಯಾಲಕ್ಕೆ ಮಾಡಪ್ಪ."

"ಏಯ್, ಬಿಡ್ರೀ! ಟೈಮಾತು!"

"ಟೈಮಾಗೇ ಐತೆ ಕಣಪ್ಪ. ಕಾಮಾಲೆ ಆಗಾ ಟೈಮು. ರಾತ್ರಿ ಊಟ ಎಲ್ಲಿ ಮಾಡ್ದೆ? ಎಣ್ಣೆ ಎಂಥದು?"

ಗಾರ್ಡು ಮೊದಲು ಕೊಸರಾಡಿದ. ಆಮೇಲೆ, ಎರಡು ದಿನದಿಂದ ಬಾಯಿ ಕಹಿ ಇದೆ ಎಂದು ಒಪ್ಪಿಕೊಂಡ. ಆಮೇಲೆ ತಾನೇ ನಾಲಿಗೆ ಚಾಚಿದ! ಇಂಜಿನ್ನು ಅಷ್ಟು ಹೊತ್ತೂ ಸುಮ್ಮನೆ ಹೊಗೆ ಬಿಡುತ್ತಾ ನಿಂತಿತ್ತು. ಒಳಗೆ ಕುಳಿತವರು ಕಿಟಕಿಯಿಂದ ತಲೆ ಹಾಕಿ ಬೈದರೆ ಚಿಕ್ಕಪ್ಪ ಅವರ ಬಾಯನ್ನೂ ಆಸೆಯಿಂದ ನೋಡುತ್ತಿದ್ದರು.

ಇದನ್ನೆಲ್ಲ ನಾವು ನಕ್ಕು ಮರೆಯಬಹುದಿತ್ತು. ಆದರೆ ಮನೆಯಲ್ಲಿ ಗಂಗವ್ವ ಇದ್ದಳಲ್ಲ! ಚಿಕ್ಕಪ್ಪನ ಒಬ್ಬಳೇ ಮಗಳು. ಮುಖ ಸಿಂಡರಿಸದೆ ಅಪ್ಪನ ಕಹಿ ಕುಡಿಯುತ್ತಿದ್ದ ಒಂದೇ ಒಂದು ಪ್ರಾಣಿ ಅವಳು. ಅವಳ ವಾರಿಗೆಯ ಹುಡುಗಿಯರೆಲ್ಲ ಗಂಡನ ಮನೆ ಸೇರಿ ತೊಟ್ಟಿಲು ತೂಗುತ್ತಿದ್ದರು. ಇವಳಿಗೆ ಬಂದ ಸಂಬಂಧಗಳು ಮಾತ್ರ ಅಪ್ಪನ ಹೆಬ್ಬೆರಳು ಕಂಡೊಡನೆ ಓಡುತ್ತಿದ್ದವು.

ಹೊಸದುರ್ಗದವರು ಬಂದ ದಿನ ನಾನೂ ಪಡಸಾಲೆಯಲ್ಲಿದ್ದೆ. ಒಳ್ಳೆಯ ಮನೆತನ. ಗಂಗವ್ವ ತಲೆ ತಗ್ಗಿಸಿ ಬಂದು ಎಲೆ ಅಡಿಕೆಯ ತಟ್ಟೆ ಇಟ್ಟಳು. ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ಚಿಕ್ಕಪ್ಪ ಹುಡುಗನ ಅಪ್ಪನ ರೆಪ್ಪೆ ಎಳೆದು ನೋಡುತ್ತಿದ್ದರು.

"ಹಸಿವು ಕೆಟ್ಟು ಎಷ್ಟು ದಿನ ಆತ್ರಿ?"

"ಹಸಿವೇನೂ ಕೆಟ್ಟಿಲ್ಲ ಸ್ವಾಮಿ. ಎಲೆ ಯಾವಾಗ ಹಾಕ್ತೀರಿ ಅಂತಾನೇ ಕಾಯ್ತಾ ಕುಂತೀನಿ."

"ಅದು ಸುಳ್ಳು ಹಸಿವು ಕಣ್ರಿ. ಅದನ್ನ ನಂಬಬಾರ್ದು!"

ಚಿಕ್ಕಮ್ಮ ಶ್ಯಾವಿಗೆ ಪಾಯಸ ತರುವಷ್ಟರಲ್ಲಿ ಬೀಗರಾಗಬೇಕಾದವರ ಮುಂದೆ ನೆಲಬೇವಿನ ಕಷಾಯ ಬಂದು ಕೂತಿತ್ತು. ಹುಡುಗ ಒಂದು ಗುಟುಕು ಕುಡಿದು ಅಪ್ಪನ ಮುಖ ನೋಡಿದ. ಅಪ್ಪ ಬಾಗಿಲ ಕಡೆ ನೋಡಿದರು. ಮಳೆ ಬರುವ ಹಾಗಿದೆ ಎಂದು ಹೇಳಿ ಹೋದರು. ಸುಡು ಬೇಸಿಗೆ, ಆಕಾಶದಲ್ಲಿ ಒಂದು ತುಣುಕು ಮೋಡ ಇರಲಿಲ್ಲ.

ಅವತ್ತು ಚಿಕ್ಕಮ್ಮ ಅತ್ತಿದ್ದು ಬೀದಿಗೆಲ್ಲ ಕೇಳಿಸಿತು. "ನಿಮ್ಮ ಈಲಿ ತೊಳ್ಕಂಡು ನೀವು ನೂರು ವರ್ಷ ಬದುಕ್ರಿ. ನನ್ನ ಮಗಳು ಮಾತ್ರ ಈ ಮನೇಲೇ ಕುಂತು ಮುದುಕಿ ಆಗ್ಲಿ!" ಚಿಕ್ಕಪ್ಪ ಮಿಕ್ಕ ಕಷಾಯದ ಲೋಟಗಳನ್ನು ಎತ್ತಿಟ್ಟರು. ಪಾಪ, ಆ ಕಷಾಯ ಪ್ರೀತಿಯಿಂದ ಕೊಟ್ಟದ್ದು, ಅದರಲ್ಲಿ ತಪ್ಪೇನು ಎಂದು ಅವರಿಗೆ ನಿಜವಾಗಿಯೂ ತಿಳಿದಿರಲಿಲ್ಲ.

ಹಿರಿಯೂರಿನ ಸಂಬಂಧ ತಂದುಕೊಟ್ಟವರು ಚಿತ್ರದುರ್ಗದ ಸಾಹೇಬರು. ಕೋಟೆಯ ಕೆಳಗಿನ ಪೇಟೆಯಲ್ಲಿ ಅವರದು ಬೇರು ನಾರಿನ ಅಂಗಡಿ. ಚಿಕ್ಕಪ್ಪನಿಗೆ ಅವರು ಗೆಳೆಯರೂ ಹೌದು, ಎದುರಾಳಿಯೂ ಹೌದು. ಈಲಿಗೆ ಕಿರುನೆಲ್ಲಿ ಮೇಲೋ ಸಾಹೇಬರ ಯುನಾನಿ ಮದ್ದಿನ ಕಾಸನಿ ಬೀಜ ಮೇಲೋ ಎಂದು ಇಬ್ಬರೂ ಜಗಳಕ್ಕೆ ಕುಳಿತರೆ ಗಿರಾಕಿಗಳು ತಾವೇ ತೂಗಿಕೊಂಡು ಹೋಗಬೇಕು. ಆ ಸಲ ಸಾಹೇಬರು ಜಗಳಕ್ಕೇ ಬರಲಿಲ್ಲ.

"ನಿಮ್ಮ ಕಿರುನೆಲ್ಲಿನೇ ಗೆದ್ದೈತೆ ಅಂತಿಟ್ಕಳ್ರಿ. ಹಿರಿಯೂರಲ್ಲಿ ಒಬ್ಬ ಹುಡುಗ ಅವ್ನೆ. ತೋಟ ಐತೆ, ಗುಣ ಬಂಗಾರ. ಆದ್ರೆ ಅವನ ಅಪ್ಪನಿಗೆ ಮೂಗಿನ ತುದೀಲಿ ಸಿಟ್ಟು. ಖುದಾ ಕಸಮ್, ಕೊರಳಿಗೆ ತಾಳಿ ಬೀಳಾತನಕ ಯಾರ ಕಣ್ಣಿಗೂ ಕೈ ಹಾಕಬ್ಯಾಡ್ರಿ!"

ಚಿಕ್ಕಪ್ಪ ಸಾಹೇಬರ ಕೈಮೇಲೆ ಕೈಯಿಟ್ಟು ಮಾತು ಕೊಟ್ಟರು. ಕೊಟ್ಟ ಮಾತಿಗೆ ತಪ್ಪಲೂ ಇಲ್ಲ. ಹಿರಿಯೂರಿನವರು ಹೆಣ್ಣು ನೋಡಲು ಬಂದಾಗ ಎರಡೂ ಕೈಗಳನ್ನು ಶಾಲಿನೊಳಗೆ ಬಿಗಿದುಕೊಂಡು, ಕಣ್ಣು ಮುಚ್ಚಿ ಕುಳಿತರು. "ಬೀಗರು ದೊಡ್ಡ ಶಿವಭಕ್ತರು" ಎಂದು ಹುಡುಗನ ಅಪ್ಪ ಮೆಚ್ಚಿಕೊಂಡು ಮದುವೆ ಒಪ್ಪಿಬಿಟ್ಟರು!

ಎಲ್ಲ ಸರಿಹೋಯಿತು ಎನ್ನುತ್ತೀರಾ? ತಾಳಿ ಇನ್ನೂ ಬಿದ್ದಿರಲಿಲ್ಲ.

ಮದುವೆಯ ಹಿಂದಿನ ದಿನ ಗಂಡಿನವರು ಬಂದು ನಮ್ಮ ಎದುರು ಮನೆಯಲ್ಲಿ ಇಳಿದುಕೊಂಡಿದ್ದರು. ಹೆಂಗಸರು ಹುಡುಗನಿಗೆ ಅರಿಶಿನ ಎಣ್ಣೆ ಹಚ್ಚುವಾಗ ತಮಾಷೆಗೆ ಕಣ್ಣು ಮೂಗು ಬಿಡದೆ ಮೆತ್ತಿದ್ದರು. ಊಟಕ್ಕೆ ಕರೆಯಲು ಹೋದ ಚಿಕ್ಕಪ್ಪ ಬಾಗಿಲಲ್ಲೇ ಕಂಬವಾದರು. ಅಳಿಯನ ಕಣ್ಣಿನ ರೆಪ್ಪೆ ಹಳದಿ. ಉಗುರು ಹಳದಿ. ಅಂಗೈ ಹಳದಿ! ಅರಿಶಿನದ ಶಾಸ್ತ್ರ ಮಾಡಿಸಿಕೊಂಡ ಮದುಮಗ ಹಳದಿಯಾಗದೆ ನೀಲಿಯಾಗುತ್ತಾನೆಯೇ? ಸಣ್ಣ ಮಕ್ಕಳಿಗೂ ಗೊತ್ತಾಗುವ ಮಾತು. ಆದರೆ ಚಿಕ್ಕಪ್ಪನಿಗೆ ಹಳದಿ ಕಂಡರೆ ಬುದ್ಧಿ ಅಲ್ಲೇ ನಿಂತುಬಿಡುತ್ತಿತ್ತು.

"ಅಯ್ಯೋ ಶಿವನೇ! ಹುಡುಗನಿಗೆ ಕಾಮಾಲೆ!"

ಕೂಗಿದವರೇ ಮನೆಗೆ ಓಡಿ, ಕಿರುನೆಲ್ಲಿ ಅರೆದು, ಕಲಾಯಿ ಲೋಟದ ತುಂಬ ಹಸಿರು ಮಜ್ಜಿಗೆ ಹಿಡಿದು ಮತ್ತೆ ಓಡಿ ಬಂದರು. ಅಷ್ಟರಲ್ಲಿ ಹುಡುಗನ ಅಪ್ಪ ರುಮಾಲು ಸುತ್ತಿಕೊಂಡು ನಿಂತಾಗಿತ್ತು. "ನನ್ನ ಮಗನಿಗೆ ರೋಗ ಅಂತೀರಾ? ಇಷ್ಟು ಜನರ ಮುಂದೆ? ಗಾಡಿ ಕಟ್ರಲೇ, ಹೋಗಾಣ!"

ಚಿಕ್ಕಮ್ಮ ಅವರ ಕಾಲಿಗೆ ಬೀಳಲು ಹೋದರು. ಈ ಸಂಬಂಧ ತಪ್ಪಿದರೆ ಗಂಗವ್ವನನ್ನು ಕೇಳಿಕೊಂಡು ಇನ್ನು ಯಾರೂ ಬರುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗಲಾಟೆ ಕೇಳಿ ಗಂಗವ್ವ ಅರಿಶಿನದ ಸೀರೆಯಲ್ಲೇ ಬೀದಿ ದಾಟಿ ಬಂದಳು. ಮದುಮಗಳು ಹೀಗೆ ಬರುವುದುಂಟೇ ಎಂದು ಮುದುಕಿಯರು ಬಾಯಿಗೆ ಸೆರಗು ಹಿಡಿದರು. ಅವಳು ಅಪ್ಪನ ಕೈಯಿಂದ ಲೋಟ ತೆಗೆದುಕೊಂಡಳು, ಅರ್ಧ ಕುಡಿದಳು, ಹುಡುಗನ ತಾಯಿಯ ಎದುರಿಗೆ ನಿಂತಳು.

"ಅತ್ತೆ, ನಮ್ಮಪ್ಪ ಇದನ್ನ ದಿನಾ ನನಗೇ ಕೊಡ್ತಾನೆ. ನಿಮ್ಮ ಮಗನಿಗೂ ತಂದಾನೆ ಅಂದ್ರೆ ರೋಗ ಐತೆ ಅಂತಲ್ಲ. ತನ್ನ ಮಗ ಅಂದ್ಕಂಡಾನೆ, ಅಷ್ಟೇ. ಸಿಟ್ಟಾಗಬ್ಯಾಡ್ರಿ."

ಆ ತಾಯಿ ಹಿತ್ತಲಿನಿಂದ ಒಂದು ಚೊಂಬು ನೀರು ತಂದು ಮಗನ ಮುಖ ಚೆನ್ನಾಗಿ ಉಜ್ಜಿ ತೊಳೆದರು. ಅರಿಶಿನ ಹೋಯಿತು, ಕಣ್ಣು ಬೆಳ್ಳಗೆ ಹೊಳೆಯಿತು. ಚಿಕ್ಕಪ್ಪ ಬಗ್ಗಿ ನೋಡಿದರು. ನಾಚಿಕೆಯಾಗಬೇಕಿತ್ತಲ್ಲವೇ? ಎಲ್ಲಿ ಬಂತು!

"ನೋಡಿದ್ರಾ? ಕಿರುನೆಲ್ಲಿ ವಾಸನೆಗೇ ಇಳೀತು!"

ಮೊದಲು ನಕ್ಕವನು ಮದುಮಗ. ಆಮೇಲೆ ಅವನ ತಾಯಿ. ಆಮೇಲೆ ಇಡೀ ಮನೆ. ಹುಡುಗ ಮುಂದೆ ಬಂದು ಉಳಿದರ್ಧ ಲೋಟ ಇಸಿದುಕೊಂಡು ಗಟಗಟನೆ ಕುಡಿದ. ಕುಡಿದ ಮೇಲೆ ಅವನ ಮುಖ ಹೇಗಾಯಿತೆಂದು ಗಂಗವ್ವ ಇವತ್ತಿಗೂ ಮಾಡಿ ತೋರಿಸುತ್ತಾಳೆ. ಮಾರನೆಯ ದಿನ ತಾಳಿ ಬಿತ್ತು. ನಗದೆ ಉಳಿದವರು ಹುಡುಗನ ಅಪ್ಪ ಒಬ್ಬರೇ.

ಅವರ ಸಿಟ್ಟು ಆರಿರಲಿಲ್ಲವೆಂದು ನನಗೆ ತಿಳಿದದ್ದು ಪಂಚಮಿಗೆ ಗಂಗವ್ವನನ್ನು ಕರೆತರಲು ಚಿಕ್ಕಪ್ಪನೂ ನಾನೂ ಗಾಡಿ ಕಟ್ಟಿಕೊಂಡು ಹಿರಿಯೂರಿಗೆ ಹೋದಾಗ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದ ನನ್ನ ಹತ್ತಿರ ಗಂಗವ್ವ ಬಂದು ಪಿಸುಗುಟ್ಟಿದಳು. "ಅಣ್ಣ, ಮಾವ ಬೇಕಂತಲೇ ಎಲ್ಲಾ ಕರಿದಿದ್ದೇ ಮಾಡ್ಸ್ಯಾರೆ. ಅಪ್ಪ ಏನಾದ್ರೂ ಎಲೆ ಮುಂದೆ ಬ್ಯಾಡ ಅಂದ್ರೆ, ನಮ್ಮನೆ ಅನ್ನ ಬ್ಯಾಡಾದೋರ ಮನೆಗೆ ನಮ್ಮ ಸೊಸೆ ಹೋಗಾದು ಬ್ಯಾಡ ಅಂತ ಹೇಳ್ಯಾರೆ." ಅವಳ ಕಣ್ಣು ತುಂಬಿತ್ತು. ನಾನು ಚಿಕ್ಕಪ್ಪನಿಗೆ ತಿಳಿಸೋಣವೆಂದು ಓಡಿ ಬಂದರೆ ಅವರನ್ನು ಆಗಲೇ ಎಲೆಯ ಮುಂದೆ ಕೂರಿಸಿಯಾಗಿತ್ತು, ಎದುರಿಗೇ ಬೀಗರು.

ಕರಿದ ಕಡುಬು ಬಂತು. ಎಣ್ಣೆಯಲ್ಲಿ ತೇಲುವ ಬದನೆಕಾಯಿ ಬಂತು. ಕೊಬ್ಬರಿ ಹೋಳಿಗೆ, ಅದರ ಮೇಲೆ ಧಾರೆ ತುಪ್ಪ. ಬಡಿಸುತ್ತಿದ್ದವಳು ಗಂಗವ್ವ. ನಾನು ಕಣ್ಸನ್ನೆ ಮಾಡಿ ಮಾಡಿ ಸೋತೆ. ಚಿಕ್ಕಪ್ಪ ನನ್ನ ಕಡೆ ತಿರುಗಲೇ ಇಲ್ಲ. ತಲೆ ಬಗ್ಗಿಸಿ ಉಂಡರು. ಎಲೆಯಲ್ಲಿ ಒಂದು ಚೂರೂ ಬಿಡದೆ ಉಂಡರು! ಆಮೇಲೆ ತಲೆಯೆತ್ತಿ, "ಇನ್ನೊಂದು ಹೋಳಿಗೆ ಹಾಕವ್ವ. ನಿಮ್ಮನೆ ಅಡುಗೆ ಭಾಳ ಚೆನ್ನಾಗೈತೆ" ಎಂದರು. ಬೀಗರು ತಮ್ಮ ಪಾಲಿನ ತುಪ್ಪದ ಮಿಳ್ಳೆಯನ್ನು ಚಿಕ್ಕಪ್ಪನ ಎಲೆಯ ಕಡೆಗೆ ತಾವೇ ಸರಿಸಿದರು. "ಉಣ್ರಿ ಬೀಗರೇ, ನಾಚ್ಕಬ್ಯಾಡ್ರಿ. ಉಂಡು ಮಗಳನ್ನ ಕರ್ಕಂಡು ಹೋಗ್ರಿ" ಎಂದರು.

ವಾಪಸು ಬರುವಾಗ ಊರು ದಾಟಿ ಸ್ವಲ್ಪ ದೂರದಲ್ಲೇ ಚಿಕ್ಕಪ್ಪ ಗಾಡಿ ನಿಲ್ಲಿಸಿ ಇಳಿದರು. ಬೇಲಿಯ ಮರೆಗೆ ಹೋಗಿ ಉಂಡದ್ದನ್ನೆಲ್ಲ ಕಕ್ಕಿದರು. ನಾನು ಬೆನ್ನು ನೀವಿ, ಬಾಯಿ ಮುಕ್ಕಳಿಸಲು ನೀರು ಕೊಟ್ಟೆ. ಗಾಡಿಯಲ್ಲಿ ಗಂಗವ್ವ, ತವರಿಗೆ ಹೊರಟ ನೆಮ್ಮದಿಗೆ, ಗಾಢ ನಿದ್ದೆ ಹೋಗಿದ್ದಳು.

"ಒಗ್ಗಲ್ಲ ಅಂತ ಗೊತ್ತಿದ್ದೂ ಯಾಕೆ ಉಂಡೆ ಚಿಕ್ಕಪ್ಪ? ಅವರು ಹಾಕಿದ ಷರತ್ತು ನಿನಗೆ ಯಾರಾದ್ರೂ ಹೇಳಿದ್ರಾ?"

"ಷರತ್ತಾ? ಯಾವ ಷರತ್ತೋ ನಾನು ಕಾಣೆ" ಎಂದರು ಚಿಕ್ಕಪ್ಪ. ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತು ಸುಧಾರಿಸಿಕೊಂಡರು. "ಕಡುಬು ಬಡಿಸುವಾಗ ಅವಳ ಕೈ ನಡುಗ್ತಿತ್ತು ಕಣಲೇ. ಅಪ್ಪನ ಎಲೆಗೆ ಬಡಿಸಾಕೆ ನನ್ನ ಮಗಳು ಹೆದರ್ತಾಳೆ ಅಂದ್ರೆ ನಾನು ಎಂಥ ಅಪ್ಪ ಆದೆ ಹೇಳು?"

ಅವರು ಧೋತರದ ತುದಿಯಿಂದ ಬಾಯೊರೆಸಿಕೊಂಡು ಎದ್ದರು. ಗಾಡಿ ಹತ್ತಿ, ಗಂಗವ್ವನ ತಲೆ ಬರೀ ಹಲಗೆಗೆ ಒರಗಿದ್ದುದನ್ನು ಕಂಡು, ಅದನ್ನು ಮೆಲ್ಲಗೆ ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಎತ್ತುಗಳನ್ನು ನಿಧಾನ ಹೊಡೆಯಲು ನನಗೆ ಕೈಸನ್ನೆ ಮಾಡಿದರು.