ಹೆಡ್ಮಾಸ್ತರ ಕಾರಿನ ನಡುದಾರಿ ಜಡ್ಡು

ಮೋಟಾರಿನ ವೈರಿಂಗ್ ಕೆಲಸಕ್ಕೆ ಕೈ ಹಾಕಿದವನು ನಗಬೇಕೆಂದು ನಾಟಕ ಕಂಪನಿಯ ಟಿಕೀಟು ತೆಗೆಸಬೇಕಾಗಿಲ್ಲ. ಗಿರಾಕಿಗಳೇ ಅಂಗಡಿಗೆ ನಡೆದು ಬರುತ್ತಾರೆ. ಎಪ್ಪತ್ತರ ದಶಕದಲ್ಲಿ ಗದಗಿಗೆ ಅಂಟಿದ ಬೆಟಗೇರಿಯಲ್ಲಿ ಅಂಗಡಿ ಹಾಕಿದ ಮೇಲೆ ನನಗೆ ಇಂಥವು ದಿನಕ್ಕೊಂದು ಆಗುತ್ತಲೇ ಇದ್ದವು. ಆದರೆ ಲಕ್ಷ್ಮೇಶ್ವರದ ಒಂದೇ ಒಂದು ಕಾರು ಕೊಟ್ಟಷ್ಟು ಮಜಾ ಉಳಿದವೆಲ್ಲ ಕೂಡಿಯೂ ಕೊಡಲಿಲ್ಲ.

೧. ಯಾರು ಹೇಳಿಕೊಟ್ಟರು?

ಕಾರು ನಿವೃತ್ತ ಹೆಡ್ಮಾಸ್ತರದು. ತಲೆತಲಾಂತರದಿಂದ ಗುಡಿಯ ಸೇವೆ ಮಾಡಿಕೊಂಡು ಬಂದ ಮನೆತನ. ಇವರು ಮಾತ್ರ ಮಾಸ್ತರಿಕೆ ಹಿಡಿದವರು. ಜೀವಮಾನದ ಆಸೆ ಎಂದು ಹಳೆಯದೊಂದು ಕಾರು ಕೊಂಡಿದ್ದರು.

"ಏನ್ ತ್ರಾಸ್ರಿ ಸರ?"

"ಛಲೋ ಓಡತಿರತೈತಿ. ನಡುದಾರ್ಯಾಗ ಗಪ್ ಅಂತ ನಿಂತ ಬಿಡತೈತಿ. ಎಲ್ಲಾರೂ ಇಳದು, ದೇವರನ್ನ ನೆನಸಿ ಮತ್ತ ಚಾಲೂ ಮಾಡಿದ್ರ ಏನೂ ಆಗಿಲ್ಲದಂಗ ಹೊಂಡತೈತಿ."

ಬ್ಯಾಟರಿ, ಡೈನಮೊ, ಕರೆಂಟು ಹದದಲ್ಲಿಡುವ ಕಟೌಟ್ ಡಬ್ಬಿ, ಎಲ್ಲ ನೋಡಿದೆ. ಗದಗಿನ ತುಂಬ ಓಡಿಸಿದೆ. ಎಲ್ಲೂ ನಿಲ್ಲಲಿಲ್ಲ. ಸಂಶಯಕ್ಕೆ ಕಟೌಟ್ ಬದಲಿಸಿ ಕಳಿಸಿದೆ. ವಾರದೊಳಗೆ ಮಾಸ್ತರು ತಿರುಗಿ ಬಂದರು. ಡೈನಮೊ ಬಿಚ್ಚಿ ಕೂಡಿಸಿ ಕಳಿಸಿದೆ. ಮತ್ತೆ ಬಂದರು.

"ಮನ್ಯಾಗ ಹುಕುಂ ಆಗೈತಪಾ," ಎಂದರು ಸಣ್ಣ ಮುಖ ಮಾಡಿ. "ಮಗಳನ್ನ ಹೆರಗಿಗೆ ಮುಂಡರಗಿಯಿಂದ ಕರಕೊಂಡು ಬರೂದೈತಿ. ಅಷ್ಟರಾಗ ಸುಧಾರಿಸಲಿಲ್ಲಂದ್ರ ಕಾರು ಮಾರಿ ಬಿಡ್ರಿ ಅಂದಾಳ ನಮ್ಮಾಕಿ." ಹಾಗೆ ಹೇಳುವಾಗ ಅವರ ಕೈ ಕಾರಿನ ಮಡ್ಗಾರ್ಡನ್ನು ಸವರುತ್ತಿತ್ತು.

"ನನ್ನ ಮುಂದ ಒಮ್ಮೆನೂ ನಿಂದ್ರವಲ್ದಲ್ರಿ ಸರ?"

"ಇನ್‌ಸ್ಪೆಕ್ಟರ್ ಸಾಲಿಗೆ ಬಂದ ದಿನಾ ದಡ್ಡ ಹುಡುಗೂರೂ ಶಾಣ್ಯಾರಾಗತಿದ್ರು, ಅದು ನನಗ ಗೊತ್ತೈತಿ. ಆದ್ರ ಅವರಿಗೆ ಉತ್ತರಾ ನಾನ ಹೇಳಿಕೊಟ್ಟಿರತಿದ್ದೆ. ಇದಕ್ಕ ಯಾರ್ ಹೇಳಿಕೊಟ್ರು?"

೨. ನಿಲ್ಲದ ಕಾರು

ಸರಿ, ಜಡ್ಡನ್ನು ಅದು ಹುಟ್ಟುವ ದಾರಿಯಲ್ಲೇ ಹಿಡಿಯೋಣ ಎಂದು ನಾನೇ ಲಕ್ಷ್ಮೇಶ್ವರಕ್ಕೆ ಹೋದೆ. ಮಾಸ್ತರ ಪಕ್ಕದಲ್ಲಿ ಕುಳಿತು ಗದಗಿನ ಕಡೆ ಹೊರಟೆ. ಒಂದೇ ಸಮನೆ ಓಡಿಸಬೇಕು, ಎಲ್ಲೂ ನಿಲ್ಲಿಸಬಾರದು ಎಂದು ಮೊದಲೇ ಹೇಳಿದ್ದೆ.

ಆ ಸೀಮೆಯಲ್ಲಿ ಮಾಸ್ತರ ಕೈಯಲ್ಲಿ ಏಟು ತಿನ್ನದ ಗಂಡಸೇ ಇರಲಿಲ್ಲ. ಅಡರಕಟ್ಟಿಯಲ್ಲಿ ಒಬ್ಬ ರಸ್ತೆಗೆ ಅಡ್ಡ ನಿಂತು ಕೈ ಮುಗಿದ. "ಗುರುಗಳ, ಚಹಾ ಕುಡೀದ ಹೆಂಗ ಹೊಕ್ಕೀರಿ?" ಮುಂದಿನ ಊರಲ್ಲಿ ಇನ್ನೊಬ್ಬ ಚಹಾದ ಜೊತೆ ಮಿರ್ಚಿಯನ್ನೂ ಇಟ್ಟ. ಅಸುಂಡಿಯವನು ಡಿಕ್ಕಿ ತೆಗೆಸಿ ಉಳ್ಳಾಗಡ್ಡಿ ತುಂಬಿದ. ಮಲ್ಲಸಮುದ್ರದವನಂತೂ ಊಟಕ್ಕೇ ಎಲೆ ಹಾಕಿಸಿದ. ಹೊತ್ತು ಇಳಿದ ಮೇಲೆ ಬೆಟಗೇರಿ ಮುಟ್ಟಿದೆವು.

ಮಾಸ್ತರು ಹೆಮ್ಮೆಯಿಂದ ಬಾನೆಟ್ ತಟ್ಟಿದರು. "ನೋಡಿದೇನು? ಎಲ್ಲೂ ನಿಲ್ಲಲಿಲ್ಲ!"

೩. ಗೋದಿ ಚೀಲ

ಕಡೆಗೆ ಡಾಕ್ಟರ ಪದ್ಧತಿಯನ್ನೇ ಹಿಡಿದೆ. ಯಾವಾಗ ನಿಂತಿತು, ಆಗ ಯಾರ್ಯಾರು ಇದ್ದರು ಎಂದು ಒಂದೊಂದೇ ಕೇಳಿದೆ. ಒಬ್ಬರೇ ಹೋದಾಗ ನಿಂತಿಲ್ಲ. ಗೆಳೆಯರ ಜೊತೆ ಶಿರಹಟ್ಟಿಗೆ ಹೋದಾಗ ನಿಂತಿಲ್ಲ. ನಿಂತಾಗೆಲ್ಲ ಒಳಗೆ ಇದ್ದವರು ಅವರ ಹೆಂಡತಿ.

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಹೆಂಡತಿ ಲಕ್ಷ್ಮೇಶ್ವರದಲ್ಲಿದ್ದರೂ ಮಾಸ್ತರು ಎದ್ದು ನನ್ನ ಅಂಗಡಿಯ ಬಾಗಿಲು ಮುಂದೆ ಮಾಡಿ ಬಂದರು.

"ಇದನ್ನ ಅಕಿಗೆ ಯಾರ್ ಹೇಳೂದು? ನೀ ಹೇಳು, ನೀ ಮೇಸ್ತ್ರಿ."

"ನನಗೂ ಮದಿವಿ ಆಗೈತ್ರಿ ಸರ. ಅನುಭವ ಐತಿ."

ಭಾರಕ್ಕೆ ಎಲ್ಲೋ ವೈರು ಒತ್ತುತ್ತಿರಬೇಕು ಎಂದುಕೊಂಡು ಅವರು ಕೂರುವ ಜಾಗದಲ್ಲಿ ಗೋದಿ ಚೀಲ ಕೂರಿಸಿ ಓಡಿಸಿದೆವು. ಕಾರು ಗಾಳಿಯಂತೆ ಓಡಿತು.

"ಭಾರ ಅಷ್ಟಽ ಐತ್ರಿ. ಮತ್ಯಾಕ ನಿಲ್ಲವಲ್ದು?" ಎಂದೆ.

ಮಾಸ್ತರು ಹಿಂದೆ ತಿರುಗಿ ಚೀಲವನ್ನು ನೋಡಿದರು. "ಚೀಲಾ ಸುಮ್ಮನ ಕುಂತೈತಲ್ಲೋ!"

೪. ಅತ್ತೆಯ ಗೊಂಚಲು

ಮುಂಡರಗಿಗೆ ಹೊರಡುವ ದಿನ ಬಂದೇ ಬಂತು. ನಾನು ಮುಂದೆ ಮಾಸ್ತರ ಪಕ್ಕ ಕುಳಿತೆ, ಅವರ ಹೆಂಡತಿ ಅಮ್ಮನವರು ಹಿಂದೆ. ಶಿರಹಟ್ಟಿ ದಾಟಿ ತಗ್ಗು ದಿಣ್ಣೆಯ ರಸ್ತೆಗೆ ಬಿದ್ದೆವು. ಗಪ್.

"ಮುಗೀತು," ಎಂದರು ಅಮ್ಮನವರು. "ಮಗಳನ್ನ ಬಸ್ಸಿನ್ಯಾಗ ಕರಕೊಂಡು ಬರೂಣು. ಈ ಡಬ್ಬೀನ ಯಾರಿಗೆ ಬೇಕಾದ್ರೂ ಕೊಟ್ಟ ಬಿಡ್ರಿ." ಮಾಸ್ತರು ಸ್ಟೇರಿಂಗ್ ಹಿಡಿದುಕೊಂಡೇ ಕುಳಿತರು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ನನಗೆ ಆಗ ಕಂಡಿತು. ಎಂಜಿನ್ ತಾನಾಗಿ ಬಂದ್ ಆದರೆ ಎದುರಿನ ಕೆಂಪು ದೀಪ ಹತ್ತಬೇಕು. ಹತ್ತಿರಲಿಲ್ಲ. ಅಂದರೆ ಕೀಲಿ ತಿರುವುವ ಸ್ವಿಚ್ಚಿನಲ್ಲೇ ಕರೆಂಟು ಕಡಿದಿದೆ. ಬಗ್ಗಿ ನೋಡಿದರೆ ಕಾರಿನ ಕೀಲಿಗೆ ಒಂದು ಗೊಂಚಲು ಜೋತಾಡುತ್ತಿತ್ತು! ತಲಬಾಗಿಲು, ತಿಜೋರಿ, ಟ್ರಂಕು, ಉಗ್ರಾಣ, ಮೇಲೆ ಗುಡಿಯ ಭಂಡಾರದ ಗೇಣುದ್ದದ ಕಬ್ಬಿಣದ ಕೀಲಿ.

"ಇದನ್ನ ನಾ ಎಂದೂ ನೋಡೇ ಇಲ್ಲಲ್ರಿ!"

"ಹೆಂಗ ನೋಡತಿ?" ಎಂದರು ಅಮ್ಮನವರು. "ಎಣ್ಣಿ ಕೈಲೆ ಗುಡಿ ಕೀಲಿ ಮುಟ್ಟಿದ್ರ ಮೈಲಿಗಿ ಆಗೂದಿಲ್ಲೇನು? ನಾ ಮನ್ಯಾಗ ಇದ್ದಾಗ ಕಾರಿಂದೊಂದ ಬಿಚ್ಚಿ ಕೊಡತೇನಿ. ನಾ ಹೊರಗ ಹೊಂಟ್ರ ಗೊಂಚಲಾ ಬಿಚ್ಚೂ ಹಂಗಿಲ್ಲ. ಅತ್ತಿಯವರು ಹಾಕಿದ ಕಟ್ಟಳಿ ಅದು."

ಒಂದೊಂದು ತಗ್ಗಿಗೂ ಆ ಗೊಂಚಲು ತೂಗಾಡಿ, ಸವೆದ ಸ್ವಿಚ್ಚನ್ನು ತಿರುವಿ ಬಂದ್ ಮಾಡುತ್ತಿತ್ತು. ಹೆದರುತ್ತ ಹೆದರುತ್ತ ಹೇಳಿದೆ.

"ಅಂದ್ರ ನನ್ನ ಕೀಲೀದ ತಪ್ಪು?"

"ಇಲ್ರೀ ಅವ್ವಾರ, ಸ್ವಿಚ್ ಬಡಕಲೈತ್ರಿ."

ಗೊಂಚಲು ಬಿಚ್ಚುವಂತಿಲ್ಲ, ನಾನು ಮುಟ್ಟುವಂತಿಲ್ಲ. ಕಡೆಗೆ ನನ್ನನ್ನು ಹಿಂದಕ್ಕೆ ಕಳಿಸಿ ಅವರೇ ಮುಂದೆ ಕುಳಿತು, ಸೆರಗಿನಲ್ಲಿ ಗೊಂಚಲನ್ನು ಕೂಸಿನಂತೆ ಎತ್ತಿ ಹಿಡಿದರು. ಮುಂಡರಗಿಯವರೆಗೂ, ಮಗಳನ್ನು ಕರೆದುಕೊಂಡು ತಿರುಗಿ ಮನೆಯವರೆಗೂ ಕಾರು ಕೆಮ್ಮಲೂ ಇಲ್ಲ. ಮರುದಿನವೇ ಹೊಸ ಸ್ವಿಚ್ ಹಾಕಿದೆ. "ಅದಕ್ಕೂ ಗೊಂಚಲಿನ ಒಜ್ಜಿ ಆಗಬಾರದ್ರಿ. ಕಾರು ಓಡುವಾಗ ಕೀಲಿ ಒಂದಽ ಇರಲಿ," ಎಂದು ಕೈ ಮುಗಿದು ಹೇಳಿದೆ. ಅಮ್ಮನವರು ಆತು ಎಂದರು. ಕಾರು ಉಳಿಯಿತು. ಮಾಸ್ತರು ನನ್ನನ್ನು ತಬ್ಬಿಕೊಂಡದ್ದನ್ನು ನಾನು ಇನ್ನೂ ಮರೆತಿಲ್ಲ.

ಬಾಣಂತನ ಮುಗಿದ ಮೇಲೆ ಒಮ್ಮೆ ಆ ಕಡೆ ಹೋಗಿದ್ದೆ. ಅಂಗಳದಲ್ಲಿ ಕಾರು ಲಕಲಕ ಹೊಳೆಯುತ್ತಿತ್ತು. ಮಾಸ್ತರು ಅದರೊಳಗೆ ಕುಳಿತು ಪೇಪರ್ ಓದುತ್ತಿದ್ದರು.

"ಹೆಂಗೈತ್ರಿ ಸರ ಕಾರು?"

"ಏ, ಒಂದ ಸಲಾನೂ ನಡುದಾರ್ಯಾಗ ನಿಂತಿಲ್ಲ!"

"ಹಂಗಾರ ಒಂದ್ ಸುತ್ತ ಹೋಗಿ ಬರೂಣ ನಡೀರಿ."

ಮಾಸ್ತರು ಪೇಪರ್ ಮಡಚಿದರು.

"ಅಕಿ ಶಿರಹಟ್ಟಿಗೆ ಅಣ್ಣನ ಮನಿಗೆ ಹೋಗ್ಯಾಳ. ಕಾರಿನ್ಯಾಗ ಹೋದ್ರ ಗೊಂಚಲಾ ಬಿಚ್ಚಬೇಕಾಗತೈತಿ ಅಂತ ಹೇಳಿ, ಕಾರಿನ ಕೀಲಿ ಸಮೇತ ಬಸ್ಸಿಗೆ ಹೋದ್ಲು."