ಕೊಂಬಿನಜ್ಜನ ಸಂರಕ್ಷಿತ ಮರಣ

ಬೆಟ್ಟಸೀಮೆಯ ಹಾಡು ಮತ್ತು ವಾದ್ಯಗಳನ್ನು ಅಳಿವಿನಿಂದ ಕಾಪಾಡುವ ಸಲುವಾಗಿ ಸರ್ಕಾರವು ಒಂದು ಸಂರಕ್ಷಣಾ ಕಚೇರಿಯನ್ನು ಸ್ಥಾಪಿಸಿತು. ಅಂದಿನಿಂದ ಬೆಟ್ಟದ ಯಾವ ವಾದ್ಯಕ್ಕೂ ಸವಕಳಿ ಬಂದಿಲ್ಲ.

ಮೊದಲು ಸಂರಕ್ಷಣೆಗೆ ಒಳಪಟ್ಟಿದ್ದು ಕೊಂಬಿನಜ್ಜನ ಆಳುದ್ದದ ಮರದ ಕೊಂಬು. ಸಂಜೆಯಾದರೆ ಅಜ್ಜ ಹಿತ್ತಲ ಬಂಡೆಯ ಮೇಲೆ ನಿಂತು ಅದನ್ನು ಊದುತ್ತಿದ್ದ. ಕಣಿವೆಯಾಚೆ, ಎದುರು ಬೆಟ್ಟದಲ್ಲಿದ್ದ ತಂಗಿ ಒಂದು ಸಾಲು ಹಾಡಿ ಉತ್ತರ ಕೊಡುತ್ತಿದ್ದಳು. ನಡುವಿನ ಸೇತುವೆ ಕೊಚ್ಚಿಹೋದ ಮೇಲೆ, ಮಂಡಿ ಸೋತ ಆ ಇಬ್ಬರಿಗೂ ಉಳಿದಿದ್ದ ಹೋಕುಬಳಕೆ ಅಷ್ಟೇ. ನಾನಿದ್ದೇನೆ, ನೀನಿದ್ದೀಯಾ?

ಅಧಿಕಾರಿಗಳು ಕೊಂಬನ್ನು ಹತ್ತಿಯಲ್ಲಿ ಸುತ್ತಿ ಒಯ್ದು ಗಾಜಿನ ಪೆಟ್ಟಿಗೆಯಲ್ಲಿಟ್ಟರು.

"ಸಂಜೆ ಬಂದು ಒಂದ್ಸಲ ಊದ್ಕೊಂಡು ಹೋಗ್ತೀನಿ ಸ್ವಾಮಿ," ಅಂದ ಅಜ್ಜ.

"ಊದಿದ್ರೆ ಒಳಗೆ ಉಗುಳು ಹೋಗುತ್ತೆ ಯಜಮಾನ್ರೇ. ಸಂರಕ್ಷಿತ ವಾದ್ಯ ನುಡಿಸೋದು ಅದಕ್ಕೆ ಹಾನಿ ಮಾಡಿದ ಹಾಗೆ."

"ಹಾಗಾದ್ರೆ ಇನ್ನೊಂದು ಮಾಡ್ಕೋತೀನಿ."

"ಅದು ನಕಲು. ನಕಲಿಗೆ ಜೈಲು."

ಅಜ್ಜ ಚಾಪೆಯ ಕೆಳಗೆ ತೂರಿದರೆ ನಿಯಮ ರಂಗೋಲಿಯ ಕೆಳಗೆ ತೂರುವಂಥದ್ದು.

ತಂಗಿ ಕೆಲವು ಸಂಜೆ ಕಿವಿಗೊಟ್ಟು ಕಾದಳು. ಕೊನೆಗೆ ಅಣ್ಣ ಹೋದನೆಂದೇ ನಿಶ್ಚಯಿಸಿ ಅಳುವ ಹಾಡು ತೆಗೆದಳು. ತನಗಾಗಿ ಜೇನು ಕೀಳಲು ಹೋಗಿ ಮುಖ ಊದಿಸಿಕೊಂಡು ಬಂದ ಅಣ್ಣ ಇನ್ನೆಲ್ಲಿ ಎಂದು ಹಾಡಿದಳು. ಅಜ್ಜ ಬಂಡೆಯೇರಿ "ಇದ್ದೀನಿ ಕಣೇ!" ಎಂದು ಗಂಟಲು ಹರಿಯುವಂತೆ ಕೂಗಿದ. ಕೊಂಬಿಗಿದ್ದ ಕಸುವು ಗಂಟಲಿಗಿರಲಿಲ್ಲ. ಏಳುತ್ತ ಬೀಳುತ್ತ ಕಚೇರಿಗೆ ಹೋದ.

ಅಧಿಕಾರಿಗಳು ಆಗಲೇ ಕಿಟಕಿಯಾಚೆ ಮೈಕು ಚಾಚಿ ನಿಂತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು. "ಎಂಥಾ ಅಪರೂಪದ ಹಾಡು! ನಮ್ಮ ಸಂಗ್ರಹದಲ್ಲೇ ಇಲ್ಲ!"

"ಬದುಕಿರೋನಿಗೆ ಅಳ್ತಿದ್ದಾಳೆ ಸ್ವಾಮಿ. ಕೊಂಬು ಕೊಡಿ, ಒಂದೇ ಒಂದ್ಸಲ ಊದ್ತೀನಿ."

"ಊದಿದ್ರೆ ಹಾಡು ನಿಂತುಹೋಗಲ್ವೇನ್ರೀ?" ಅವರಿಗೆ ನಿಜಕ್ಕೂ ಗಾಬರಿಯಾಯಿತು.

ಮರುದಿನ ಡಂಗುರ ಸಾರಲಾಯಿತು: "ಸದರಿ ಶೋಕಗೀತೆಯನ್ನು ಸಂರಕ್ಷಿತವೆಂದು ಘೋಷಿಸಲಾಗಿದೆ. ಅದಕ್ಕೆ ಕಾರಣವಾದ ಮರಣಕ್ಕೆ ಯಾರೂ ಧಕ್ಕೆ ತರತಕ್ಕದ್ದಲ್ಲ. ಮೃತರು ಬಂಡೆಯ ಮೇಲೆ ಕಾಣಿಸಿಕೊಳ್ಳಕೂಡದು. ಆಚೆ ಬೆಟ್ಟಕ್ಕೆ ಸುದ್ದಿ ಒಯ್ಯುವವರು ದಂಡನೆಗೆ ಅರ್ಹರು."

ಕೇಳುಗರು ಬಸ್ಸು ತುಂಬಿ ಬರತೊಡಗಿದರು. ಕಚೇರಿಯವರು ಹಿತ್ತಲಲ್ಲಿ ಕುರ್ಚಿ ಹಾಕಿಸಿದರು, ಅಜ್ಜನ ಸೊಸೆಗೆ ಅಲ್ಲೇ ಟಿಕೆಟ್ ಹರಿಯುವ ಕೆಲಸ ಸಿಕ್ಕಿತು.

"ಮಾವಾ, ಒಳಗಿರಿ. ನಿಮ್ಮನ್ನ ನೋಡಿದ್ರೆ ಜನಕ್ಕೆ ಅಳು ಬರಲ್ಲ."

ಅಜ್ಜ ಬಾಗಿಲ ಸಂದಿಯಲ್ಲಿ ಕೂತು ಕೇಳುತ್ತಿದ್ದ. ಹೇಗೂ ತಂಗಿ ಇದ್ದಾಳೆಂದು ತಿಳಿಯುತ್ತಿತ್ತಲ್ಲ. ಸತ್ತವನಿಗೆ ಅಷ್ಟು ಸಿಗುವುದೇ ಹೆಚ್ಚು.

ಚಳಿಗಾಲದಲ್ಲಿ ಹಾಡಿನ ನಡುವೆ ಕೆಮ್ಮು ಸೇರಿಕೊಂಡಿತು. ಒಂದು ಸಂಜೆ ಹಾಡು ಅರ್ಧಕ್ಕೇ ನಿಂತಿತು. ಕೇಳುಗರು ದೂರಿದರು. ಕಚೇರಿ ಎಂದೂ ಇಲ್ಲದ ಚುರುಕಿನಿಂದ ಕಣಿವೆ ಬಳಸಿ ಆಚೆ ಬೆಟ್ಟಕ್ಕೆ ಆಳು ಕಳಿಸಿ, ತಂಗಿಯ ಮನೆಯ ಸೂರಿಗೆ ಧ್ವನಿವರ್ಧಕ ಕಟ್ಟಿಸಿ, ಮೊದಲ ದಿನ ಹಿಡಿದಿಟ್ಟಿದ್ದ ಹಾಡನ್ನು ಹಾಕಿಸಿತು. ಆ ಮನೆಯಲ್ಲಿ ಈಗ ಯಾರೂ ಇಲ್ಲವೆಂದು ಕಟ್ಟಿಬಂದವರು ವರದಿ ಮಾಡಿದರು. ಅದರಿಂದ ಹಾಡಿಗೇನೂ ತೊಂದರೆಯಿಲ್ಲವೆಂದು ಅಧಿಕಾರಿಗಳು ತೀರ್ಮಾನಿಸಿದರು. ಅಜ್ಜನಿಗೆ ಇದನ್ನು ಹೇಳಬಾರದೆಂಬ ನಿಯಮವೇನೂ ಇರಲಿಲ್ಲ. ಯಾರೂ ಹೇಳಲಿಲ್ಲ.

ಈಗ ಹಾಡು ಒಂದು ಸಂಜೆಯೂ ತಪ್ಪುವುದಿಲ್ಲ.

"ಕೆಮ್ಮು ವಾಸಿಯಾಗಿದೆ ನೋಡಮ್ಮ," ಎನ್ನುತ್ತಾನೆ ಅಜ್ಜ, ಸಂದಿಯಲ್ಲಿ ಕಣ್ಣೊರೆಸಿಕೊಳ್ಳುತ್ತ. "ಅವಳು ನನಗಿಂತ ಗಟ್ಟಿ."

"ಹೌದು ಮಾವಾ," ಎನ್ನುತ್ತಾಳೆ ಸೊಸೆ, ಟಿಕೆಟ್ ಹರಿಯುತ್ತ.