ನೀರುಗಂಟಿಯ ವಾರದ ರಜೆ

ಕೋಲಾರದ ಕಡೆ ಕಾರ್ಮಿಕ ಹೋರಾಟ ನಡೆದುಬಂದ ದಾರಿಯನ್ನು ಮುಂದೆ ಯಾರಾದರೂ ವಿದ್ವಾಂಸರು ಬರೆಯುವುದಾದರೆ, ರಾಯಲ್ಪಾಡಿನ ವೆಂಕಟರತ್ನಮ್ಮನವರ ಮನೆಯ ಹುಂಜಕ್ಕೆ ಅದರಲ್ಲಿ ಒಂದು ಅಧ್ಯಾಯವನ್ನಾದರೂ ಮೀಸಲಿಡಬೇಕಾಗುತ್ತದೆ. ವಿಷಯ ಅಷ್ಟು ಗಂಭೀರವಾದದ್ದು.

ವೆಂಕಟರತ್ನಮ್ಮನವರು ಆ ಹುಂಜವನ್ನು ಸಾಕಿದ್ದು ಅಳಿಯ ಕಾಂತರಾಜನಿಗಾಗಿ. ಅಳಿಯ ಬಂದು ಒಂದು ರಾತ್ರಿ ಉಳಿದರೆ ಹುಂಜದ ಸಾರು, ರಾಗಿಮುದ್ದೆ. ಆದರೆ ಅಳಿಯ ಆ ಮನೆಯಲ್ಲಿ ರಾತ್ರಿ ಉಳಿದು ಹನ್ನೊಂದು ವರ್ಷವಾಗಿತ್ತು. ಮೊದಲನೆಯ ಹುಂಜ ಕಾದು ಕಾದು ಮುಪ್ಪಾಗಿ ಸತ್ತಿತು. ಎರಡನೆಯದನ್ನು ನಾಯಿ ಹೊತ್ತುಕೊಂಡು ಹೋಯಿತು. ಈಗಿರುವುದು ಮೂರನೆಯದು. “ಅಲ್ಲುಡುಗಾರೂ, ಎಪ್ಪುಡೊಸ್ತಾರು?” ಎಂದು, ಅಳಿಯಂದಿರು ಬರುವುದು ಯಾವಾಗ ಎಂದು, ಅತ್ತೆ ಪ್ರತಿ ಭಾನುವಾರ ಫೋನಿನಲ್ಲಿ ತೆಲುಗಿನಲ್ಲಿ ಕೇಳುತ್ತಿದ್ದರು. ಹಿಂದಿನಿಂದ ಹುಂಜವೂ ಅದನ್ನೇ ಕೇಳುತ್ತಿತ್ತು.

ಕಾಂತರಾಜ ಏನು ಹೇಳಿಯಾನು? ಅವನು ನೀರುಗಂಟಿ. ಕ್ಯಾಲನೂರಿನಿಂದ ಮೂರು ಕಿಲೋಮೀಟರು ಒಳಗಿರುವ ಒಂದು ಹಳ್ಳಿಯಲ್ಲಿ (ಹೆಸರು ಬೇಡ, ಆ ಊರಿನ ಹೆಂಗಸರು ಓದುವವರು) ದಿನಾ ಬೆಳಿಗ್ಗೆ ಐದಕ್ಕೆ ಎದ್ದು, ಬೀದಿಬೀದಿಯ ವಾಲ್ವ್ ತಿರುಗಿಸಿ ನಲ್ಲಿಗಳಿಗೆ ನೀರು ಬಿಡುವುದು ಅವನ ಕೆಲಸ. ಭಾನುವಾರವೆಂದು ಯಾರಿಗೂ ಬಾಯಾರಿಕೆ ನಿಲ್ಲುವುದಿಲ್ಲವಾದ್ದರಿಂದ ಅವನಿಗೆ ರಜೆ ಇರಲಿಲ್ಲ. ವಾಲ್ವ್ ತಿರುಗಿಸುವ ಕೀಯನ್ನು ಬೇರೆಯವರ ಕೈಗೆ ಕೊಟ್ಟು ಹೋಗೋಣವೆಂದರೆ ಆ ವಾಲ್ವುಗಳ ಸ್ವಭಾವ ಅವನೊಬ್ಬನಿಗೇ ಗೊತ್ತು. ದೊಡ್ಡಗಂಗಮ್ಮನ ಬೀದಿಯದು ಮೂರೂವರೆ ಸುತ್ತು ಬಲಕ್ಕೆ, ಅರ್ಧ ಸುತ್ತು ಎಡಕ್ಕೆ, ಆಮೇಲೆ ಕಾಲಿನಿಂದ ಒಂದು ಏಟು. ಒಮ್ಮೆ ಟೆಂಪೋ ಮುನಿಶಾಮಿ ತಾನೂ ಒಂದು ಕೈ ನೋಡುತ್ತೇನೆಂದು ಹೋಗಿ, ನೀರು ನಲ್ಲಿಗಳಿಗೆ ಬರುವ ಬದಲು ಪಂಚಾಯ್ತಿ ಆಫೀಸಿನೊಳಕ್ಕೆ ಬಂದಿತ್ತು.

ಹೀಗಿರುವಾಗ, ವಾರಕ್ಕೊಂದು ರಜೆ ಬೇಕೆಂದು ನೀರುಗಂಟಿಗಳ ಸಂಘದವರು ಸೋಮವಾರ ಕೋಲಾರದಲ್ಲಿ ಧರಣಿ ಕರೆದರು. ಕಾರ್ಯದರ್ಶಿ ಮುರಳಿಮೋಹನನ ಆಜ್ಞೆ ಕಟ್ಟುನಿಟ್ಟಾಗಿತ್ತು: “ಎಲ್ರೂ ಕೀ ತಗೊಂಡೇ ಬರ್ಬೇಕು. ಕೀ ಊರಲ್ಲಿ ಬಿಟ್ಟು ಬಂದೋನು ನಮ್ಮೋನಲ್ಲ.”

ಕಾಂತರಾಜ ಕಾನೂನಿನ ಪ್ರಕಾರ ವಾರದ ಮುಂಚೆಯೇ ಪಂಚಾಯ್ತಿಗೆ ನೋಟಿಸು ಕೊಟ್ಟ. ಪಂಚಾಯ್ತಿಯವರು ಕಾನೂನಿನ ಪ್ರಕಾರ ಅದನ್ನು ನೋಟಿಸ್ ಬೋರ್ಡಿಗೆ ಹಚ್ಚಿದರು. ಆ ಬೋರ್ಡನ್ನು ಊರಿನಲ್ಲಿ ಓದುವುದು ಹಲ್ಲಿಗಳು ಮಾತ್ರ.

ಸೋಮವಾರ ಬೆಳಿಗ್ಗೆ ಅವನು ನಾಲ್ಕಡಿ ಉದ್ದದ ಕಬ್ಬಿಣದ ಕೀಯನ್ನು ಹಳೇ ಪಂಚೆಯಲ್ಲಿ ಸುತ್ತಿ, ಮಗುವನ್ನೆತ್ತಿಕೊಂಡಂತೆ ಎತ್ತಿಕೊಂಡು ಹೊರಟ. ಹೆಂಡತಿ ವಾಣಿಶ್ರೀ ಬಾಗಿಲವರೆಗೆ ಬಂದಳು.

“ರಜ ಕೊಡಿಸ್ಕೊಂಡೇ ಬನ್ನಿ. ಈ ಹುಂಜಾನೂ ಸತ್ರೆ ನಮ್ಮಮ್ಮ ಇನ್ನೊಂದು ಸಾಕಲ್ಲ, ಹೇಳ್ಬಿಟ್ಟಿದಾಳೆ.”

ಬಸ್ ನಿಲ್ದಾಣದಲ್ಲಿ ನಿವೃತ್ತ ಮೇಷ್ಟ್ರು ನರಸಿಂಹಪ್ಪನವರು ಪೇಪರು ಓದುತ್ತ ಕೂತಿದ್ದರು. ಪಂಚೆಯ ತುದಿಯಿಂದ ಇಣುಕಿದ ಕಬ್ಬಿಣ ಅವರ ಕಣ್ಣಿಗೆ ಬಿತ್ತು.

“ಏನೋ ಕಾಂತರಾಜು ಅದು?”

ಕಾಂತರಾಜನಿಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. ಹೇಳಿಬಿಟ್ಟ. ಮೇಷ್ಟ್ರ ಮುಖ ಅರಳಿತು.

“ಭೇಷ್. ಇಂಗ್ಲೆಂಡಲ್ಲಿ ನರ್ಸುಗಳು, ರೈಲಿನೋರು, ಪೋಸ್ಟಿನೋರು, ಎಲ್ಲಾ ಕೆಲ್ಸ ನಿಲ್ಲಿಸ್ಬಿಟ್ರು ಕಣೋ. ಅಲ್ಲಿನ ಜನ ಏನಂದ್ರು? ಕಾರಿನ ಹಾರ್ನ್ ಒತ್ತಿ ಬೆಂಬಲ ಕೊಟ್ರಂತೆ. ಹಕ್ಕು ಅನ್ನೋದು ಯಾರೂ ಕೊಡೋದಲ್ಲ, ಕೇಳಿ ತಗೋಬೇಕು. ಹೋಗಿ ಬಾ. ನಾನಿದೀನಿ.”

ಕಾಂತರಾಜನ ಕಣ್ಣು ತುಂಬಿ ಬಂತು. ಬಸ್ಸು ಬಂತು, ಹತ್ತಿದ.

ಮೇಷ್ಟ್ರು ಮನೆಗೆ ಬಂದು ಮುಖಕ್ಕೆ ಸೋಪು ಹಚ್ಚಿ, ಅರ್ಧ ಕ್ಷೌರ ಮುಗಿಸಿ, ರೇಜರು ತೊಳೆಯಲು ನಲ್ಲಿ ತಿರುಗಿಸಿದರು. ನಲ್ಲಿ ಉಸಿರು ಬಿಟ್ಟಿತು, ನೀರು ಬಿಡಲಿಲ್ಲ. ನಿಮಿಷವೊಂದು ಕಳೆಯುವುದರಲ್ಲಿ ಇಂಗ್ಲೆಂಡು ಬಹಳ ದೂರ ಹೋಯಿತು. ಅರ್ಧ ಮುಖ ನೊರೆಯಲ್ಲಿಯೇ ಬೀದಿಗೆ ಬಂದು, “ದೊಡ್ಡಗಂಗಮ್ಮಾ, ಕಾಂತರಾಜು ಕೀ ಎತ್ಕೊಂಡು ಕೋಲಾರಕ್ಕೆ ಹೋಗ್ಬಿಟ್ನಮ್ಮಾ,” ಎಂದರು.

ದೊಡ್ಡಗಂಗಮ್ಮ ಮೂರು ಬೀದಿಗಳ ಹೆಂಗಸರಿಗೆ ಮುಖಂಡೆ. ಚುನಾವಣೆ ನಡೆದು ಆದದ್ದಲ್ಲ, ಗಂಟಲಿನಿಂದ ಆದದ್ದು. “ಹೋದ್ರೆ ಹೋಗ್ಲಿ. ಹಿಡ್ಕೊಂಡ್ ಬರೋಣ. ಲೇ ಮುನಿಶಾಮಿ, ಟೆಂಪೋ ತೆಗಿಯೋ,” ಎಂದಳು. ಟೊಮೇಟೊ ಮಂಡಿಗೆ ಹೋಗಬೇಕಿದ್ದ ಟೆಂಪೋಗೆ ಇಪ್ಪತ್ತೆಂಟು ಹೆಂಗಸರು ಹತ್ತಿದರು. ಎಲ್ಲರ ಸೊಂಟದಲ್ಲಿಯೂ ಖಾಲಿ ಬಿಂದಿಗೆ. ಕೋಲಾರದಲ್ಲಿ ಎಲ್ಲಾದರೂ ನೀರು ಸಿಕ್ಕರೆ ತುಂಬಿಕೊಂಡು ಬರೋಣವೆಂದು. ಮೇಷ್ಟ್ರು ಡ್ರೈವರ್ ಪಕ್ಕ ಕೂತು, ಮಡಿಲ ಮೇಲೆ ಕಾಗದವಿಟ್ಟುಕೊಂಡು, ದಾರಿಯುದ್ದಕ್ಕೂ ಅರ್ಜಿ ಬರೆದರು.

ಇತ್ತ ಕೋಲಾರದಲ್ಲಿ, ಜಿಲ್ಲಾ ಪಂಚಾಯ್ತಿ ಕಚೇರಿಯ ಮುಂದೆ, ಧರಣಿಯ ಸ್ಥಿತಿ ಚೆನ್ನಾಗಿರಲಿಲ್ಲ. ಐನೂರು ಜನಕ್ಕೆ ಹಾಕಿದ್ದ ಶಾಮಿಯಾನದಲ್ಲಿ ನಲವತ್ತೊಂದು ಜನ ಕೂತಿದ್ದರು. ಊರಿಗೆ ಬಂದ ನೆಂಟರಂತೆ ಅವರ ಕೀಗಳನ್ನು ಒಂದು ಮೂಲೆಯಲ್ಲಿ ಒರಗಿಸಿದ್ದರು. ಮುರಳಿಮೋಹನನ ಧ್ವನಿ ಹತ್ತು ಗಂಟೆಗೇ ಹೋಗಿ, ಈಗ ಧಿಕ್ಕಾರವೆಂದರೆ ಕೆಮ್ಮಿನಂತೆ ಕೇಳುತ್ತಿತ್ತು. ಜಿಲ್ಲಾ ಪಂಚಾಯ್ತಿಯ ದೊಡ್ಡ ಸಾಹೇಬರು ಕಚೇರಿಯ ಕಿಟಕಿಯಲ್ಲಿ ಒಮ್ಮೆ ಕಾಣಿಸಿಕೊಂಡು, ತಲೆ ಎಣಿಸಿ, ಸಮಾಧಾನವಾಗಿ ಒಳಗೆ ಹೋದರು.

ಹನ್ನೊಂದೂವರೆಗೆ ಟೆಂಪೋ ಬಂದು ನಿಂತಿತು.

ದೊಡ್ಡಗಂಗಮ್ಮ ಇಳಿದದ್ದನ್ನು ಕಂಡ ಕಾಂತರಾಜ ಮೂಲೆಯಿಂದ ತನ್ನ ಕೀ ಎತ್ತಿಕೊಂಡು ಬ್ಯಾನರಿನ ಹಿಂದೆ ಸರಿದ. ಬ್ಯಾನರಿನ ಕೆಳಗೆ ಅವನ ಚಪ್ಪಲಿಗಳೆರಡು ಮಾತ್ರ ಹೋರಾಟದಲ್ಲಿ ಉಳಿದವು.

ಖಾಲಿ ಬಿಂದಿಗೆ ಹೊತ್ತು ಸಾಲಾಗಿ ಬರುತ್ತಿದ್ದ ಹೆಂಗಸರನ್ನು ನೋಡಿ ಮುರಳಿಮೋಹನ ಎದ್ದು ನಿಂತ. ಹದಿನಾರು ವರ್ಷ ಸಂಘ ನಡೆಸಿದರೂ ಇಂಥ ಬೆಂಬಲವನ್ನು ಅವನು ಕಂಡಿರಲಿಲ್ಲ. ತನಗೆಂದು ತರಿಸಿಕೊಂಡಿದ್ದ ಹಾರವನ್ನು ಓಡಿಹೋಗಿ ದೊಡ್ಡಗಂಗಮ್ಮನ ಕೊರಳಿಗೆ ಹಾಕಿ, “ಬನ್ನಿ ತಾಯಿ, ಮುಂದೆ ಬನ್ನಿ. ನಿಮಗೇನು ಬೇಕೋ ಸಾಹೇಬ್ರಿಗೆ ಕೇಳಂಗೆ ಹೇಳಿ,” ಎಂದು ಮೈಕು ಕೊಟ್ಟ.

ದೊಡ್ಡಗಂಗಮ್ಮನಿಗೆ ಆವರೆಗೆ ಯಾರೂ ಹಾರ ಹಾಕಿರಲಿಲ್ಲ. ಮೈಕನ್ನಂತೂ ಯಾರೂ ಕೊಟ್ಟಿರಲಿಲ್ಲ. ಕೊಡುವ ಅಗತ್ಯವೂ ಇರಲಿಲ್ಲ.

“ನಮ್ ನೀರುಗಂಟಿ ಎಲ್ಲಿ?” ಎಂದಳು.

ಕಚೇರಿಯ ಕಿಟಕಿಗಳು ಅದುರಿದವು. “ಎಲ್ಲಿ, ಎಲ್ಲಿ?” ಎಂದರು ಇಪ್ಪತ್ತೇಳು ಹೆಂಗಸರು, ಬಿಂದಿಗೆ ಬಡಿಯುತ್ತ. “ನೀರುಗಂಟಿಯ ರಜೆ ಎಲ್ಲಿ?” ಎಂದು ಮುರಳಿಮೋಹನ ಪಕ್ಕದಿಂದ ಸೇರಿಸಿದ. “ಎಲ್ಲಿ, ಎಲ್ಲಿ?” ಎಂದರು ನಲವತ್ತು ನೀರುಗಂಟಿಗಳು. ಚಹಾ ಅಂಗಡಿಯವರು ಬಂದರು, ಬಸ್ಸಿನವರು ಇಳಿದರು, ಮೊಬೈಲು ಹಿಡಿದ ವರದಿಗಾರ ಕುರ್ಚಿಯ ಮೇಲೆ ಹತ್ತಿದ. ಕಾಲು ಗಂಟೆಯಲ್ಲಿ ಶಾಮಿಯಾನದಲ್ಲಿ ಜಾಗವಿರಲಿಲ್ಲ.

ಸಾಹೇಬರು ಸಂಘಗಳನ್ನು ಕಂಡವರು, ಬಿಂದಿಗೆಗಳನ್ನು ಕಂಡವರಲ್ಲ. ಹೊರಗೆ ಬಂದು ಎರಡೂ ಕೈ ಎತ್ತಿ, “ಆಯ್ತು, ಆಯ್ತು. ವಾರಕ್ಕೊಂದು ದಿನ ರಜಾ. ಇವತ್ತೇ ಆರ್ಡರ್ ಮಾಡ್ತೀನಿ. ಆ ಬಿಂದಿಗೆ ಬಡಿಯೋದು ನಿಲ್ಲಿಸ್ರಪ್ಪಾ,” ಎಂದರು.

ನೀರುಗಂಟಿಗಳು ಮುರಳಿಮೋಹನನನ್ನು ಹೆಗಲ ಮೇಲೆ ಎತ್ತಿಕೊಂಡರು. ಕಾಂತರಾಜ ಬ್ಯಾನರಿನ ಹಿಂದೆ ನಿಂತೇ ಹೆಂಡತಿಗೆ ಫೋನು ಮಾಡಿದ. “ವಾಣೀ, ನಿಮ್ಮಮ್ಮಂಗೆ ಹೇಳ್ಬಿಡು. ಶನಿವಾರ ಸಾಯಂಕಾಲ ಬರ್ತೀವಿ. ಭಾನುವಾರ ರಾತ್ರಿಗೇ ವಾಪಸ್ಸು.” ಆಚೆಯಿಂದ ಮೂಗು ಸೇದಿದ ಸದ್ದು ಕೇಳಿಸಿತು.

ಫೋನು ಜೇಬಿಗಿಟ್ಟು ತಿರುಗಿದರೆ ದೊಡ್ಡಗಂಗಮ್ಮ. ಕಾಂತರಾಜ ಕೀಯನ್ನು ಅಡ್ಡ ಹಿಡಿದ.

“ಯಾಕಪ್ಪಾ ಹೆದರ್ಕೋತೀಯ?” ಎಂದಳು ಅವಳು, ಹಾರ ಸರಿಮಾಡಿಕೊಳ್ಳುತ್ತ. ಕೊರಳಿಗೆ ಹಾರ ಬಿದ್ದ ಮೇಲೆ ಅವಳ ಮಾತು ತುಂಬಾ ಮೆತ್ತಗಾಗಿತ್ತು. “ನಿನ್ ಬಗ್ಗೆ ಮೇಷ್ಟ್ರು ಅರ್ಜಿ ಬರ್ದವ್ರೆ. ನಾವೆಲ್ಲಾ ರುಜು ಹಾಕಿ ಸಾಹೇಬ್ರ ಕೈಗೇ ಕೊಟ್ಟಿದೀವಿ. ಎಷ್ಟ್ ಚೆನ್ನಾಗ್ ಬರ್ದವ್ರೆ ಅಂತೀಯ, ಓದ್ತಿದ್ರೆ ಅಳು ಬತ್ತದೆ.”

“ನನ್ ಬಗ್ಗೇನಾ ಅಕ್ಕಾ?”

“ಇನ್ಯಾರ್ ಬಗ್ಗೆ?”

ಊರು ತನ್ನನ್ನು ಇಷ್ಟು ಪ್ರೀತಿಸುತ್ತದೆಂದು ಕಾಂತರಾಜನಿಗೆ ತಿಳಿದಿರಲಿಲ್ಲ. ಬಿಂದಿಗೆಗಳ ನಡುವೆ ಮದುವೆಗಂಡಿನಂತೆ ಕೂತು ಟೆಂಪೋದಲ್ಲಿ ಊರಿಗೆ ಬಂದ. ಬಂದವನೇ ಮೂರೂವರೆ ಸುತ್ತು ಬಲಕ್ಕೆ, ಅರ್ಧ ಸುತ್ತು ಎಡಕ್ಕೆ ತಿರುಗಿಸಿ, ಒಂದು ಏಟು ಕೊಟ್ಟ. ನೀರು ಬಂತು. ಮೇಷ್ಟ್ರು ಮುಖದ ಇನ್ನೊಂದು ಅರ್ಧ ಕ್ಷೌರ ಮಾಡಿಕೊಂಡರು.

ಸಂಜೆ ಆರಕ್ಕೆ ಪಂಚಾಯ್ತಿಯ ಅಧಿಕಾರಿ ಶೋಭಾರಾಣಿಯವರು ಆರ್ಡರನ್ನು ವಾಟ್ಸ್ಆಪಿನಲ್ಲಿ ಕಳಿಸಿದರು. ಅಕ್ಷರ ಸಣ್ಣದಿತ್ತು. ಕಾಂತರಾಜ ಮೇಷ್ಟ್ರ ಜಗುಲಿಗೆ ಹೋದ, ವಾಣಿಶ್ರೀಯೂ ಹಿಂದೆಯೇ ಬಂದಳು. ಮೇಷ್ಟ್ರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

“ಎಲ್ಲ ನೀರುಗಂಟಿಗಳಿಗೂ ವಾರಕ್ಕೆ ಒಂದು ದಿನ ವೇತನಸಹಿತ ರಜೆ ಮಂಜೂರು ಮಾಡಲಾಗಿದೆ.”

“ಆಹಾ,” ಎಂದ ಕಾಂತರಾಜ.

“ಆದರೆ,” ಎಂದು ಮೇಷ್ಟ್ರು ಮುಂದುವರಿಸಿದರು, “ಕಾಂತರಾಜ್ ಎಂಬುವರ ಸೇವೆಯನ್ನು ಒಂದು ದಿನವೂ ಬಿಟ್ಟಿರಲಾರೆವೆಂದು ಸದರಿ ಗ್ರಾಮಸ್ಥರೇ ಲಿಖಿತವಾಗಿ ಕೋರಿರುವುದರಿಂದ, ಸದರಿಯವರನ್ನು ಈ ಸೌಲಭ್ಯದಿಂದ ಹೊರತುಪಡಿಸಲಾಗಿದೆ.”

ವಾಣಿಶ್ರೀ ಫೋನಿನ ಮೇಲೆ ಬಗ್ಗಿ ನೋಡಿದಳು.

“ವಾಕ್ಯ ನಂದೇ,” ಎಂದರು ಮೇಷ್ಟ್ರು. “ಬಿಟ್ಟಿರಲಾರೆವು ಅಂತ ಹಾಕಿದ್ದೆ. ಅವ್ರು ಹಂಗೇ ತಗೊಂಡವ್ರೆ.”

“ಇನ್ನೂ ಏನೋ ಇದೆಯಲ್ಲ ಮೇಷ್ಟ್ರೇ, ಕೆಳಗೆ?” ಎಂದಳು ವಾಣಿಶ್ರೀ.

ಮೇಷ್ಟ್ರು ಓದಿದರು. ಈ ಸಲ ಧ್ವನಿ ಅಷ್ಟು ಗಟ್ಟಿಯಿರಲಿಲ್ಲ. “ಸದರಿಯವರು ಅತ್ಯಂತ ಅನುಭವಿಗಳೆಂದು ಅದೇ ಅರ್ಜಿಯಿಂದ ತಿಳಿದುಬಂದಿದ್ದು, ಅವರಿಗೆ ರಜೆ ಇಲ್ಲದ ಕಾರಣ, ಪಕ್ಕದ ಎರಡು ಹಳ್ಳಿಗಳ ನೀರುಗಂಟಿಗಳು ರಜೆ ಹೋದ ದಿನ ಅಲ್ಲಿಯೂ ಇವರೇ ನೀರು ಬಿಡತಕ್ಕದ್ದು.”

ಆ ಎರಡು ಹಳ್ಳಿಗಳ ನೀರುಗಂಟಿಗಳೂ ಭಾನುವಾರದ ರಜೆಯನ್ನೇ ಕೇಳಿಕೊಂಡರು. ಕಾಂತರಾಜ ಈಗ ಭಾನುವಾರ ಮೂರೂವರೆಗೆ ಏಳುತ್ತಾನೆ. ರಾಯಲ್ಪಾಡಿನ ಹುಂಜ ಆರೋಗ್ಯವಾಗಿದೆ.